ತುಳಸಿಕಟ್ಟೆಯ ನೀಲಿ ಅಣಬೆ

ಉತ್ಥಾನ ದ್ವಾದಶಿಯ ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹಿತ್ತಿಲಿಗೆ ಹೋದ ಮೋಹನರಾಜ ಚೊಂಬು ಹಿಡಿದುಕೊಂಡೇ ನಿಂತುಬಿಟ್ಟ. ತುಳಸಿಯ ಬುಡದಲ್ಲಿ ಅಣಬೆಗಳು ಎದ್ದಿದ್ದವು. ಬೆಲ್ಲದ ಬಣ್ಣದ ಟೋಪಿಗಳು. ಅಂಚೆಲ್ಲ ಕರಿದ ಹಪ್ಪಳದಂತೆ ಸೊಟ್ಟಪಟ್ಟ. ವಾರವೆಲ್ಲ ಜಿಟಿಜಿಟಿ ಮಳೆ ಹಿಡಿದಿತ್ತು, ಅದಕ್ಕೇ ಇರಬೇಕು ಎಂದುಕೊಂಡು ಒಂದನ್ನು ಬೆರಳಿನಿಂದ ಒತ್ತಿ ನೋಡಿದ. ಒತ್ತಿದ ಜಾಗ ಬಾಗಿಲಿಗೆ ಸಿಕ್ಕ ಉಗುರಿನಂತೆ ನೋಡನೋಡುತ್ತ ನೀಲಿಯಾಯಿತು.

ತುಳಸಿ ಇದ್ದದ್ದು ಮರದ ಅರ್ಧ ಪೀಪಾಯಿಯೊಂದರಲ್ಲಿ. ಮೋಹನರಾಜ ಸಿಯಾಟಲ್‌ನಲ್ಲಿದ್ದಾಗ ಊರಿನಿಂದ ಬಂದಿದ್ದ ಅವನ ತಾಯಿ ಬೀಜ ಹಾಕಿ ಬೆಳೆಸಿದ ಗಿಡ ಅದು. ಪಾರ್ಕಿನವರು ಮರ ಕಡಿದು ಚಕ್ಕೆ ಮಾಡಿ ರಾಶಿ ಸುರಿದಿದ್ದನ್ನು ಆಕೆ ಸೆರಗಿನಲ್ಲಿ ತುಂಬಿಕೊಂಡು ಬಂದು, "ಬುಡ ತಂಪಾಗಿರ್ಲಿ" ಎಂದು ಪೀಪಾಯಿಯಲ್ಲಿ ಹರಡಿದ್ದರು. "ಎಲ್ಲಿಗೆ ಹೋದ್ರೂ ಇದನ್ನ ಬಿಟ್ಟು ಹೋಗ್ಬೇಡ ಕಣೋ" ಎಂದೂ ಹೇಳಿದ್ದರು. ಅವರು ತೀರಿಕೊಂಡು ಎರಡು ಕಾರ್ತಿಕಗಳು ಕಳೆದಿದ್ದವು. ಇದ್ದಾಗ ಕಿವಿಗೆ ಬೀಳದ ಮಾತು ಹೋದ ಮೇಲೆ ಎದೆಗೆ ಬೀಳುತ್ತದೆ. ಕಂಪನಿ ಅವನನ್ನು ಡಾಲಸ್‌ಗೆ ಕಳುಹಿಸಿದಾಗ ಸೋಫಾ ಮಾರಿದ, ಮಂಚ ಮಾರಿದ. ಪೀಪಾಯಿಯನ್ನು ಮಾತ್ರ ಮಣ್ಣು, ಚಕ್ಕೆ ಸಮೇತ ಟ್ರಕ್ಕಿಗೆ ಹೇರಿಸಿ ಅಲ್ಲಿನ ಹೊರವಲಯದ ಫ್ಲವರ್ ಮೌಂಡಿನ ಮನೆಯ ಹಿತ್ತಿಲಿಗೆ ತಂದು ಇಳಿಸಿದ.

ಸಿಯಾಟಲ್‌ನ ಹಳೆಯ ಸಹೋದ್ಯೋಗಿ ಟಿಮ್ ಗಿಡಮೂಲಿಕೆ ಬಲ್ಲವನು. ಮೋಹನರಾಜ ಅವನಿಗೊಂದು ಫೋಟೋ ಕಳಿಸಿದ. ಚೊಂಬಿನ ನೀರು ಹಾಕಿ ಮುಗಿಯುವಷ್ಟರಲ್ಲಿ ಫೋನ್ ಬಂತು.

"ಮುಟ್ಟಿದರೆ ನೀಲಿ ಆಗ್ತದಾ?" ಎಂದು ಟಿಮ್ ಕೇಳಿದ.

"ಆಗ್ತದೆ."

ಟಿಮ್ ತುಂಬ ಹೊತ್ತು ನಕ್ಕ. ಅದು ಅಮಲೇರಿಸಿ ತಲೆ ತಿರುಗಿಸುವ ಅಣಬೆ, ಮರದ ಚಕ್ಕೆ ಕಂಡರೆ ಅದಕ್ಕೆ ಪ್ರಾಣ, ಬಿಳಿ ನೂಲಿನಂಥ ಬೇರನ್ನು ಚಕ್ಕೆಯಲ್ಲೆಲ್ಲ ಹಬ್ಬಿಸುತ್ತದೆ. ತಮ್ಮೂರಿನ ಪಾರ್ಕುಗಳಲ್ಲಿ ಹುಡುಗರು ಅದನ್ನೇ ಹುಡುಕಿಕೊಂಡು ಅಲೆಯುತ್ತಾರೆ ಎಂದ. "ಟೆಕ್ಸಸ್ ಸೆಕೆಗೆ ಅದು ಬದುಕಿದ್ದೇ ಹೆಚ್ಚು. ನಿನ್ನ ಅಮ್ಮನ ಕೈಗುಣ ದೊಡ್ಡದು ಬಿಡು. ಆದರೆ ಯಾರಿಗೂ ತೋರಿಸಬೇಡ. ಅಲ್ಲಿ ಅದನ್ನು ಇಟ್ಟುಕೊಂಡರೆ ಜೈಲು."

ಮುಂದಿನ ವಾರ ಡಾಲಸ್‌ನಲ್ಲಿ ಮೋಹನರಾಜ ಬಲಗೈ ಎತ್ತಿ ಅಮೆರಿಕದ ಪ್ರಜೆಯಾಗಿ ಪ್ರಮಾಣ ಮಾಡುವುದಿತ್ತು. ಇಷ್ಟು ವರ್ಷದಲ್ಲಿ ಒಂದು ಸ್ಪೀಡಿಂಗ್ ಟಿಕೆಟ್ ಕೂಡ ಇಲ್ಲದ ಮನುಷ್ಯ. ಈಗ ಅಮ್ಮನ ತುಳಸಿಯೇ ಅವನನ್ನು ಜೈಲಿಗೆ ಕಳಿಸುವ ಹಾಗಿತ್ತು. ಸಾಲದ್ದಕ್ಕೆ, ಹಿತ್ತಿಲಿನ ಬೇಲಿಯ ಆಚೆ ಇದ್ದದ್ದು ಶೆರಿಫ್ ಇಲಾಖೆಯ ಪೊಲೀಸ್ ರಾಡ್ನಿಯ ಮನೆ.

ಅಡುಗೆಮನೆಯ ಇಕ್ಕಳ ತಂದು ಮೊದಲ ಅಣಬೆಗೆ ಕೈ ಹಾಕಿದ್ದೇ ತಡ, ಹಿಂದಿನಿಂದ ಹೆಂಡತಿ ಹಂಸಾಳ ಧ್ವನಿ ಬಂತು.

"ಏನ್ರೀ ಮಾಡ್ತಿದ್ದೀರ? ದ್ವಾದಶಿ ದಿನ ತುಳಸಿಕಟ್ಟೇಲಿ ಏನನ್ನೂ ಕೀಳ್ಬಾರ್ದು ಅಂತ ನಿಮ್ಮಮ್ಮನೇ ಹೇಳ್ತಿರ್ಲಿಲ್ವಾ?"

"ತುಳಸಿ ಅಲ್ಲ ಕಣೆ, ಅಣಬೆ. ಅಮಲೇರಿಸೋ ಅಣಬೆ."

"ಬೆಳಗಿಂದ ಕಾಫಿ ಕುಡಿದಿಲ್ಲ, ಅದಕ್ಕೇ ಹೀಗಾಡ್ತೀರ. ಇಕ್ಕಳ ಕೊಡಿ ಇಲ್ಲಿ, ಹಪ್ಪಳ ಸುಡ್ಬೇಕು."

ಇಕ್ಕಳ ಹೋಯಿತು. ಕೈಯಿಂದಲೇ ಕಿತ್ತುಬಿಡೋಣ ಎಂದು ಬಗ್ಗುವಷ್ಟರಲ್ಲಿ ಬೇಲಿಯ ಮೇಲೆ ರಾಡ್ನಿಯ ಬೋಳು ತಲೆ ಕಳಶದ ಮೇಲಿನ ತೆಂಗಿನಕಾಯಿಯಂತೆ ಮೂಡಿತು.

"ಏನು ಮೋಹನ್, ಹಬ್ಬವಾ ಇವತ್ತು?"

"ಹೌದು, ಗಿಡದ ಮದುವೆ" ಎನ್ನುತ್ತ ಮೋಹನರಾಜ ಹೆಗಲ ಮೇಲಿನ ಶಲ್ಯ ತೆಗೆದು ತುಳಸಿಯ ಬುಡಕ್ಕೆ ಹೊದಿಸಿದ.

"ಗಿಡಕ್ಕೆ ಚಳಿಯಾ?"

"ಮದುವೆಗೆ ಮುಂಚೆ ಮದುಮಗಳ ಮುಖ ತೋರಿಸೋ ಹಾಗಿಲ್ಲ."

ರಾಡ್ನಿ ಗೌರವದಿಂದ ಟೋಪಿ ತೆಗೆಯಲು ಹೋದ. ತಲೆಯ ಮೇಲೆ ಟೋಪಿ ಇರಲಿಲ್ಲವಾದ್ದರಿಂದ ತಲೆಯನ್ನೇ ಸವರಿಕೊಂಡು, ತನ್ನ ಗುಲಾಬಿ ಗಿಡಗಳಿಗೆ ನಿನ್ನೆಯಷ್ಟೇ ಹೊಸ ಮರದ ಚಕ್ಕೆ ಹಾಕಿಸಿದ್ದನ್ನು ಹೇಳಿ ಒಳಗೆ ಹೋದ.

ಪೂಜೆ ಮಧ್ಯಾಹ್ನವೇ ಇತ್ತು. ಶಾಸ್ತ್ರದ ಪ್ರಕಾರ ಗೋಧೂಳಿ ಲಗ್ನವೇ ಸರಿ. ಆದರೆ ಆಸ್ಟಿನ್‌ನಿಂದ ಬರುವ ವೇಣುಗೋಪಾಲ ವಾರದಲ್ಲಿ ಐದು ದಿನ ಸಾಫ್ಟ್‌ವೇರ್, ಉಳಿದೆರಡು ದಿನ ಪುರೋಹಿತ. ಅವನು ಮುಹೂರ್ತವನ್ನು ಪಂಚಾಂಗ ನೋಡಿ ಅರ್ಧ, ಹೈವೇ ಟ್ರಾಫಿಕ್ ನೋಡಿ ಅರ್ಧ ಇಡುವವನು. ಹ್ಯೂಸ್ಟನ್‌ನಿಂದ ಪ್ರೇಮಕ್ಕ ಭಜನೆ ಮಂಡಳಿಯನ್ನೇ ವ್ಯಾನಿನಲ್ಲಿ ತುಂಬಿಕೊಂಡು ಬಂದರು. ಎಲ್ಲಿ ಹಬ್ಬವಾದರೂ ಪ್ರೇಮಕ್ಕನದೇ ಯಜಮಾನಿಕೆ. ಯಾರೂ ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅವರ ಒಂದೇ ವ್ರತ. ಪಕ್ಕದ ಮನೆಯ ಡಾಕ್ಟರ್ ಶಿವಪುತ್ರಪ್ಪ ಬಾಗಲಕೋಟೆಯ ಕಡೆಯವರು. ಆಸ್ಪತ್ರೆಯಿಂದ ನಿವೃತ್ತರಾಗಿದ್ದರು, ಸಲಹೆ ಕೊಡುವುದರಿಂದ ಆಗಿರಲಿಲ್ಲ.

ಮೋಹನರಾಜ ಶಲ್ಯ ತೆಗೆದು, ಅದರ ಬದಲು ಅಣಬೆಗಳ ಮೇಲೆ ಒಂದು ಬುಟ್ಟಿ ಚೆಂಡು ಹೂ ಸುರಿದು ಮುಚ್ಚಿದ್ದ. ಪ್ರೇಮಕ್ಕ ಬಂದವರೇ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಏನೋ ಇದು, ಲಾರಿಯಿಂದ ಸುರಿದ ಹಾಗೆ? ಗಂಡಸರು ಅಲಂಕಾರ ಮಾಡಿದ್ರೆ ಹಿಂಗೇ. ನೆಲ್ಲಿಕೊಂಬೆ ಎಲ್ಲಿ ನೆಡೋದು?"

ನೆಲ್ಲಿಕೊಂಬೆ ಎಂದರೆ, ಇಂಡಿಯನ್ ಸ್ಟೋರಿನ ಫ್ರೀಜರ್‌ನಲ್ಲಿ ಸಿಕ್ಕ ನೆಲ್ಲಿಕಾಯಿಗಳನ್ನು ಓಕ್ ಮರದ ಕೊಂಬೆಗೆ ದಾರದಲ್ಲಿ ಕಟ್ಟಿದ್ದು. ಕಾಯಿಗಳು ಇನ್ನೂ ಕರಗುತ್ತ ತೊಟ್ಟಿಕ್ಕುತ್ತಿದ್ದವು.

"ಅಕ್ಕ, ಹೂ ಹಾಗೇ ಇರಲಿ" ಎಂದು ಮೋಹನರಾಜ ಅಡ್ಡ ನಿಂತ. ಪ್ರೇಮಕ್ಕ ಅವನನ್ನು ಪರದೆ ಸರಿಸಿದಂತೆ ಸರಿಸಿ ಹೂ ಬಾಚಿದರು.

"ಅಯ್ಯೋ, ನಾಯಿಕೊಡೆ."

"ಸರೀರಿ, ನಾ ನೋಡ್ತೀನಿ" ಎಂದು ಡಾಕ್ಟರು ಕನ್ನಡಕ ಏರಿಸಿ, ರೋಗಿಯ ಹೊಟ್ಟೆ ಅಮುಕುವ ಅಭ್ಯಾಸದಲ್ಲಿ ಒಂದು ಅಣಬೆಯನ್ನು ಅಮುಕಿದರು. ಅದು ನೀಲಿಯಾಯಿತು. ಇನ್ನೊಂದನ್ನು ಅಮುಕಿದರು. ಅದೂ ನೀಲಿಯಾಯಿತು. ನಲವತ್ತು ವರ್ಷದ ವೈದ್ಯವೃತ್ತಿಯಲ್ಲಿ ಅವರು ಇಂಥ ರೋಗಿಯನ್ನು ನೋಡಿರಲಿಲ್ಲ.

ಪ್ರೇಮಕ್ಕ ಎರಡೂ ಕೆನ್ನೆ ಬಡಿದುಕೊಂಡರು. "ಕೃಷ್ಣನ ಬಣ್ಣ. ತುಳಸಿ ಮದುವೆ ದಿನ, ಮದುಮಗ ತಾನೇ ಬಂದಿದ್ದಾನೆ ನೋಡ್ರೇ."

"ಅದ್ಹೆಂಗ್ರಿ ಕೃಷ್ಣ ಆಗ್ತಾನ?" ಡಾಕ್ಟರು ಬಿಡಲಿಲ್ಲ. "ಮೈ ಎಲ್ಲಾ ನೀಲಿ ಇದ್ರ ಕೃಷ್ಣ. ಇದು ಬರೇ ಕುತ್ತಿಗಿ ನೀಲಿ ಐತಿ. ನೀಲಕಂಠ ಇಂವ."

"ತುಳಸಿ ಬುಡದಲ್ಲಿ ಶಿವನಿಗೇನು ಕೆಲಸ?"

"ಲಗ್ನಕ್ಕ ಕರದಿರ್ತಾರ್ರಿ. ನನ್ನ ಕರದಿಲ್ಲೇನು?"

ಮೋಹನರಾಜ ಸದ್ದಿಲ್ಲದೆ ಮುಂದೆ ಬಂದು, "ಇದು ಬರೀ ಕಳೆ. ಕಿತ್ತು ಎಸೆದುಬಿಡ್ತೀನಿ" ಎಂದ. ಇಡೀ ಮಂಡಳಿ ಅವನನ್ನು ಪಾಪಿಯನ್ನು ನೋಡುವಂತೆ ನೋಡಿತು. ಕೊನೆಗೆ ವೇಣುಗೋಪಾಲ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ತೀರ್ಪು ಕೊಟ್ಟ. ಬಂದಿರುವುದು ಹರಿಹರ. ಪೂಜೆ ಮುಗಿಯುವವರೆಗೆ ಯಾರೂ ಕೀಳತಕ್ಕದ್ದಲ್ಲ. ಪ್ರೇಮಕ್ಕ, ಡಾಕ್ಟರು ಇಬ್ಬರೂ ಒಪ್ಪಿ, ಇಬ್ಬರೂ ಅಣಬೆಗೆ ಕುಂಕುಮ ಹಚ್ಚಿದರು.

ನಮ್ಮವರು ಅಣಬೆ ತಿನ್ನುವುದಿಲ್ಲ, ಅದೊಂದೇ ಪುಣ್ಯ ಎಂದು ಮೋಹನರಾಜ ಸಮಾಧಾನ ಮಾಡಿಕೊಳ್ಳುತ್ತಿದ್ದ. ಆಗ ಡಾಕ್ಟರು ಬೇಲಿಯ ಹತ್ತಿರ ಹೋಗಿ ರಾಡ್ನಿಯನ್ನು ಕರೆದರು. "ಬಾರೋ ಮಾರಾಯಾ, ಪವಾಡ ನೋಡು."

ರಾಡ್ನಿ ಸುತ್ತಿ ಬಂದ, ಯೂನಿಫಾರ್ಮಿನಲ್ಲಿ. ಬೂಟು ಬಿಚ್ಚಿ, ಪೀಪಾಯಿಯ ಮುಂದೆ ಮಂಡಿಯೂರಿ, ಅಣಬೆಗಳನ್ನು ಬಹಳ ಹೊತ್ತು ನೋಡಿದ. ಮೋಹನರಾಜನ ಎರಡೂ ಕೈಗಳು ತಾವಾಗಿಯೇ ಒಂದರ ಪಕ್ಕ ಒಂದು ಬಂದು ಬೇಡಿಗೆ ಸಿದ್ಧವಾದವು. ಅವನು ಕೈ ಮುಗಿಯುತ್ತಿದ್ದಾನೆಂದು ತಿಳಿದು ರಾಡ್ನಿಯೂ ಕೈ ಮುಗಿದ.

"ಸುಂದರವಾಗಿದೆ" ಎಂದ ರಾಡ್ನಿ. "ಅಡುಗೆಮನೆಯಿಂದ ಬರ್ತಿರೋ ವಾಸನೆ ಸಾಂಬಾರಿಂದಾ?"

ಪೂಜೆಗೆ ಹಾಲು ಕಡಿಮೆ ಬಿತ್ತೆಂದು ಪ್ರೇಮಕ್ಕ ಮೋಹನರಾಜನನ್ನು ಅಂಗಡಿಗೆ ಅಟ್ಟಿದರು. ಹೋಗಲು ಮನಸ್ಸಿರಲಿಲ್ಲ, ಪ್ರೇಮಕ್ಕನಿಗೆ ಇಲ್ಲವೆನ್ನಲು ಧೈರ್ಯವೂ ಇರಲಿಲ್ಲ. ಓಡಿ ಹೋಗಿ ಓಡಿ ಬಂದ. ಅಣಬೆಗಳು ಅಲ್ಲೇ ಇದ್ದವು, ಮಂಗಳಾರತಿಗೆ ಕಾಯುತ್ತ. ಮಂತ್ರ, ಭಜನೆ, ಊಟ ಎಲ್ಲ ಮುಗಿಯಿತು. ಅಮ್ಮನಿಗೆ ಇಷ್ಟವಾದ ಹಾಡು ಬಂದಾಗ ಒಂದು ಗಳಿಗೆ ಅವನಿಗೆ ಜೈಲೂ ಮರೆತುಹೋಗಿತ್ತು. ಹಾಡು ಮುಗಿದ ಕೂಡಲೇ ನೆನಪಾಯಿತು.

ಎಲ್ಲರೂ ಬೇಗ ಹೊರಟರೆ ಸಾಕಾಗಿತ್ತು ಅವನಿಗೆ. ತಾನೇ ಬಾಗಿಲಲ್ಲಿ ನಿಂತು, ಹಂಸಾ ಜೋಡಿಸಿಟ್ಟಿದ್ದ ತಾಂಬೂಲದ ಚೀಲಗಳನ್ನು ಒಬ್ಬೊಬ್ಬರಿಗೂ ಎರಡು ಕೈಯಿಂದ ಕೊಟ್ಟ. "ಟ್ರಾಫಿಕ್ ಜಾಸ್ತಿ ಆಗುತ್ತೆ, ಹೊರಡಿ, ಹೊರಡಿ." ಹ್ಯೂಸ್ಟನ್ ವ್ಯಾನು ಹೋಯಿತು. ಡಾಲಸ್, ಮರ್ಫಿ, ಲಿಟಲ್ ಎಲ್ಮ್ ಕಡೆಯ ಕಾರುಗಳು ಹೋದವು. ಡಾಕ್ಟರಿಗೊಂದು ಚೀಲ, ರಾಡ್ನಿಗೊಂದು ಚೀಲ. ವೇಣುಗೋಪಾಲ ತನ್ನದನ್ನು ಮರೆತು ಕಾರು ಹತ್ತಿದ್ದ. ತಾಂಬೂಲ ಬಿಟ್ಟು ಹೋದರೆ ಅದನ್ನು ತೆಗೆದುಕೊಳ್ಳಲು ಮತ್ತೆ ಬಂದಾನು ಎಂಬ ಹೆದರಿಕೆಗೆ ಮೋಹನರಾಜ ಬರಿಗಾಲಲ್ಲಿ ಬೀದಿಯ ಕೊನೆಯವರೆಗೆ ಓಡಿ, ಕಿಟಕಿ ಬಡಿದು ಅವನ ಮಡಿಲಿಗೇ ಹಾಕಿ ಬಂದ.

ಆಮೇಲೆ ಹಿತ್ತಿಲಿಗೆ ಹೋಗಿ, "ಅಮ್ಮ, ತಪ್ಪು ತಿಳ್ಕೋಬೇಡ" ಎಂದು ಪೀಪಾಯಿಗೆ ಕೈ ಮುಗಿದು ಕೆಲಸಕ್ಕಿಳಿದ. ಅಣಬೆ, ಚಕ್ಕೆ, ಮೇಲ್ಮಣ್ಣು ಎಲ್ಲವನ್ನೂ ಬೇರಿಗೆ ನೋವಾಗದಂತೆ ಕೆರೆದು ತೆಗೆದ. ಕಸದ ಚೀಲದಲ್ಲಿ ಕಟ್ಟಿ ಗಂಟು ಹಾಕಿದ. ತುಳಸಿಗೆ ಹೊಸ ಮಣ್ಣು ತುಂಬಿದ. ಒಂದೆಲೆಯೂ ಉದುರಲಿಲ್ಲ. ಅಮ್ಮನೂ ಉಳಿದಳು, ಪ್ರಮಾಣವೂ ಉಳಿಯಿತು ಎಂದು ನಿಟ್ಟುಸಿರು ಬಿಟ್ಟು ಮೆಟ್ಟಿಲ ಮೇಲೆ ಕುಳಿತ. ಹಂಸಾ ಕಾಫಿ ತಂದಳು.

"ನಾನು ಕೆರೆಯೋ ಮುಂಚೆನೇ ಪೀಪಾಯೀಲಿ ಮಣ್ಣು ಕಡಿಮೆಯಾಗಿತ್ತಲ್ಲ, ಎಲ್ಲಿ ಹೋಯ್ತು?" ಎಂದು ಅವನು ಸುಮ್ಮನೆ ಕೇಳಿದ.

ಹಂಸಾಳ ಮುಖ ಅರಳಿತು. "ನಿಮಗೆ ಹೇಳೋಕೇ ಆಗ್ಲಿಲ್ಲ ನೋಡಿ. ನೀವು ಹಾಲಿಗೆ ಹೋದಾಗ ಪ್ರೇಮಕ್ಕ ಬುಡದಿಂದ ಮೃತ್ತಿಕೆ ತೆಗೆದು ಎಲ್ಲರಿಗೂ ಪೊಟ್ಟಣ ಕಟ್ಟಿದ್ರು. ಚಕ್ಕೆಯ ಮೇಲೆ ಬೆಳ್ಳಗೆ ನೂಲಿನ ಹಾಗೆ ಹಬ್ಬಿತ್ತು, ಜನಿವಾರದ ಎಳೆ ಅಂದ್ರು. ಅದನ್ನೇ ಆರಿಸಿ ಆರಿಸಿ ತುಂಬಿದ್ರು. ಊರಿಗೆ ಹೋಗಿ ಅವರವರ ತುಳಸಿ ಬುಡಕ್ಕೆ ಹಾಕ್ಕೊಳ್ಳಿ ಅಂತ."

ಮೋಹನರಾಜ ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟ. "ಯಾವಾಗ ಕೊಟ್ರು?"

"ಅವರೆಲ್ಲಿ ಕೊಟ್ರು? ನೀವೇ ಕೊಟ್ರಲ್ಲ. ತಾಂಬೂಲದ ಚೀಲದಲ್ಲೇ ಇತ್ತು. ವೇಣು ಮರೆತು ಹೊರಟ್ರೂ ಬಿಡದೆ ಓಡಿ ಹೋಗಿ ಕೊಟ್ರಿ. ನೀವು ಎರಡು ಕೈಯಿಂದ ಕೊಟ್ಟ ಭಕ್ತಿ ನೆನೆದು ಪ್ರೇಮಕ್ಕ ವ್ಯಾನಲ್ಲಿ ಕಣ್ಣೀರು ಹಾಕಿದ್ರಂತೆ, ಈಗ ಫೋನ್ ಮಾಡಿದ್ರು."

"ಪೊಟ್ಟಣದ ಮೇಲೆ ಏನೂ ಬರೆದಿಲ್ಲ ತಾನೆ?"

"ಬರೀದೆ ಇರ್ತೀವಾ? ಅತ್ತೆ ಹೆಸರು ನಾಲ್ಕು ಕಡೆ ಉಳೀಲಿ ಅಂತ ಅವರ ಹೆಸರು, ಕೆಳಗೆ ನಿಮ್ಮ ಹೆಸರು, ಫೋನ್ ನಂಬರು, ಮನೆ ಅಡ್ರೆಸ್ಸು. ಯಾರ ಮನೇಲಿ ಹರಿಹರ ಎದ್ರೂ ಮೊದಲು ನಿಮಗೇ ತಿಳಿಸ್ಬೇಕು ಅಂತ ಪ್ರೇಮಕ್ಕ ಆಣೆ ಹಾಕ್ಸಿದಾರೆ."

ಡಾಲಸ್, ಹ್ಯೂಸ್ಟನ್, ಆಸ್ಟಿನ್. ಟಿಮ್‌ನ ಊರಿನ ಅಣಬೆ ತಾನಾಗಿ ನಡೆದು ಬರಲು ಸಾವಿರ ವರ್ಷ ಬೇಕಾಗಿದ್ದ ದೂರವನ್ನು ಮೋಹನರಾಜ ಒಂದೇ ಮಧ್ಯಾಹ್ನದಲ್ಲಿ, ವೀಳ್ಯದೆಲೆ ಅಡಿಕೆ ಸಮೇತ ದಾಟಿಸಿದ್ದ.

ಆಗ ಬೇಲಿಯ ಮೇಲೆ ತೆಂಗಿನಕಾಯಿ ಮೂಡಿತು.

"ಮೋಹನ್, ನಿನ್ನ ತಾಯಿಯ ಪ್ರಸಾದವನ್ನು ಗುಲಾಬಿ ಬುಡದ ಹೊಸ ಚಕ್ಕೆಯಲ್ಲಿ ಬೆರೆಸಿದೆ. ಈ ಕಡೆ ಬಂದು ನೋಡು, ಒಂದು ಬೋರ್ಡು ಕೂಡ ಮಾಡಿದ್ದೇನೆ."

ಮೋಹನರಾಜ ಕಾಲೆಳೆದುಕೊಂಡು ಹೋಗಿ ಬೇಲಿಯ ಸಂದಿಯಿಂದ ಇಣುಕಿದ. ಗುಲಾಬಿ ಪಾತಿಯ ಮಧ್ಯೆ ಶೆರಿಫ್ ಇಲಾಖೆಯ ನಕ್ಷತ್ರ ಹಚ್ಚಿದ ಒಂದು ಹಲಗೆ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಇಲ್ಲಿ ಏನು ಬೆಳೆದರೂ ಅದಕ್ಕೆ ಕಾರಣ ನನ್ನ ನೆರೆಯವನು ಮೋಹನರಾಜ.

"ಇನ್ನು ಒಳ್ಳೆ ಮಳೆ ಬಂದರೆ ಸಾಕು" ಎಂದ ರಾಡ್ನಿ ಆಕಾಶ ನೋಡುತ್ತ.

ಮೋಹನರಾಜನೂ ತಲೆ ಎತ್ತಿದ. ಮೊದಲ ಹನಿ ಸರಿಯಾಗಿ ಅವನ ಹಣೆಯ ಮೇಲೇ ಬಿತ್ತು.