ಎರಡು ಗುದ್ದಲಿ ಪೂಜೆ, ಒಂದು ಕಟೌಟು

ನಮ್ಮ ಸೋದರಮಾವ ಎಂಎಲ್‌ಎ. ಭಾನುವಾರ ಅಂದ್ರೆ ಅವರಿಗೆ ನಾಲ್ಕು ಗೃಹಪ್ರವೇಶ, ಎರಡು ನಾಮಕರಣ, ಒಂದು ತಿಥಿ. ಎಲ್ಲಾ ಕಡೆ ಎಲೆ ಮುಂದೆ ಕೂರಲೇಬೇಕು. ನಿದ್ದೆ ಮಾತ್ರ ಯಾವ ಮನೇಲೂ ಬಡಿಸಲ್ಲ. ಇಂಥ ಬದುಕಲ್ಲಿ ವಾರಕ್ಕೊಂದು ಎಡವಟ್ಟು ಆಗದೆ ಇರುತ್ತಾ? ಅದರಲ್ಲಿ ಅರ್ಧ ನನ್ನದೇ ಅನ್ನೋದು ಬೇರೆ ಮಾತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ಎರಡನೇ ಸಲ ಡುಮ್ಕಿ ಹೊಡೆದಾಗ ಮಾವ ಅಮ್ಮನಿಗೆ ಹೇಳಿದ್ರು: "ಇವನನ್ನ ಬೀದೀಲಿ ಬಿಟ್ರೆ ಜನಕ್ಕೆಲ್ಲ ತೊಂದ್ರೆ. ನನ್ನ ಆಫೀಸಲ್ಲಿ ಇದ್ರೆ ನನಗೊಬ್ಬನಿಗೇ ತೊಂದ್ರೆ. ಕಳಿಸಕ್ಕ."

ಮೊದಲನೇ ಗುದ್ದಲಿ

ಪೀಣ್ಯದ ಹಿಂದಿನ ಒಂದು ಕ್ರಾಸಲ್ಲಿ ಹಳೇ ಊರಿನ ಅಜ್ಜಿ ಒಬ್ಬಳಿದ್ದಾಳೆ. ಅಲ್ಲಿ ಚರಂಡಿ ಇಲ್ಲ. ಮಳೆ ಬಂದ್ರೆ ರಸ್ತೆ ನೀರೆಲ್ಲ ಅವಳ ಮಂಚದ ಕೆಳಗೆ ಬಂದು ನಿಲ್ಲುತ್ತೆ. ಚರಂಡಿ ಮಾಡಿಸ್ತೀನಿ ಅಂತ ಮಾವ ಗುದ್ದಲಿ ಪೂಜೆಗೆ ಹೋದ್ರು. ತೆಂಗಿನಕಾಯಿ ಒಡೆದು, ಅರಿಶಿನ ಹಚ್ಚಿದ ಗುದ್ದಲಿ ಎತ್ತಿ ಒಂದೇಟು ಹಾಕಿದ್ರು. ಫೋಟೋದವನು, "ಸಾರ್, ಇನ್ನೊಂದ್ಸಲ. ಕಣ್ಣು ಮುಚ್ಬಿಟ್ರಿ" ಅಂದ. ನಿದ್ದೆಗೆಟ್ಟ ಕಣ್ಣು, ಮುಚ್ಚದೆ ಇನ್ನೇನು ಮಾಡುತ್ತೆ? ಹನ್ನೊಂದು ಸಲ ಅಗೆಸಿದ.

ಅಜ್ಜಿ ಗುಂಡಿ ಇಣುಕಿ ನೋಡಿ ನನ್ನ ಕಿವೀಲಿ ಅಂದಳು: "ಇನ್ನೊಂದ್ ನಾಕು ಫೋಟೋ ತೆಗ್ಸು ಮಗಾ. ಚರಂಡಿ ಇವತ್ತೇ ಮುಗ್ದೋಗ್ತದೆ."

ಎರಡನೇ ಗುದ್ದಲಿ, ಮೇಕೆ ಸಮೇತ

ಕಂಟ್ರಾಕ್ಟರು ನಾಪತ್ತೆ. ಒಂದು ವರ್ಷ ಆದಮೇಲೆ ಹೊಸ ಕಂಟ್ರಾಕ್ಟರು ಬಂದ, ಅದೇ ಜಾಗದಲ್ಲಿ ಮತ್ತೆ ಪೂಜೆ. ಆವತ್ತು ಫೋಟೋದವನು ಕೈಕೊಟ್ಟ. ಒಂದೇ ಗುಂಡಿ, ಒಂದೇ ಮಾವ, ಒಂದೇ ಬಿಳಿ ಶರ್ಟು. ಯಾರಿಗೆ ಗೊತ್ತಾಗುತ್ತೆ ಅಂತ ನಾನು ಪೇಪರಿನವರಿಗೆ ಹಳೇ ಫೋಟೋನೇ ಕಳಿಸಿಬಿಟ್ಟೆ.

ಮಾರನೇ ದಿನ ಅಜ್ಜಿ ಪೇಪರ್ ಹಿಡ್ಕೊಂಡು ಆಫೀಸಿಗೇ ಬಂದಳು. "ಈ ಮೂಲೇಲಿ ನಿಂತಿರೋದು ನನ್ ಮೇಕೆ ಕಣಪ್ಪ. ಅದು ಸತ್ತು ಆರ್ ತಿಂಗ್ಳಾಯ್ತು."

ಮಾವ ನನ್ನ ಮುಖ ನೋಡಿದ್ರು. ನಾನು ಮೇಕೆ ಮುಖ ನೋಡಿದೆ.

ಗಾಜಿನ ಹಿಂದಿನ ಮಾವ

ಎರಡನೇ ಕಂಟ್ರಾಕ್ಟರೂ ಪತ್ತೆಯಿಲ್ಲ. ಒಂದು ಮಧ್ಯಾಹ್ನ ಮಾವ ಹಿಂದಿನ ರೂಮಲ್ಲಿ ಗೋಡೆಗೊರಗಿ ಕೂತಲ್ಲೇ ಗೊರಕೆ. ಹೊರಗೆ ಮೂವತ್ತು ಜನ. ಎಬ್ಬಿಸೋಕೆ ಮನಸ್ಸಾಗಲಿಲ್ಲ. ಹುಟ್ಟುಹಬ್ಬಕ್ಕೆ ಮಾಡಿಸಿದ್ದ, ಕೈಮುಗಿದು ನಿಂತ ಆಳೆತ್ತರದ ಪ್ಲೈವುಡ್ ಕಟೌಟನ್ನ ಕ್ಯಾಬಿನ್ನಿನ ಮಸುಕು ಗಾಜಿನ ಹಿಂದೆ ನಿಲ್ಲಿಸಿದೆ. "ಸಾಹೇಬ್ರಿಗೆ ಗಂಟಲು ಕಟ್ಟಿದೆ, ಆಚೆಯಿಂದಲೇ ಹೇಳಿ" ಅಂದೆ. ಜನ ಒಬ್ಬೊಬ್ಬರಾಗಿ ಹೇಳ್ಕೊಂಡು ಹೋದ್ರು.

ಒಬ್ಬ ಯಜಮಾನ ಕಣ್ಣೊರೆಸಿಕೊಂಡ: "ಇಷ್ಟು ವರ್ಷದಲ್ಲಿ ಇವತ್ತೇ ಕಣ್ರೀ ಅವರು ನನ್ ಮಾತು ಪೂರ್ತಿ ಕೇಳಿದ್ದು."

ಕೊನೆಗೆ ಅಜ್ಜಿ ಬಂದಳು. ಬಾಗಿಲು ತಳ್ಳಿ ಒಳಗೇ ನುಗ್ಗಿ, ಕಟೌಟಿನ ಹೊಟ್ಟೆ ಮೇಲೆ ಟಕಟಕ ಬಡಿದಳು. "ಗಟ್ಟಿಯಾಗವ್ನೆ. ಇವನ್ನ ನಮ್ಮನೇಗೆ ಸಾಗ್ಸು. ಇಲ್ಲಾಂದ್ರೆ ಈಗ್ಲೇ ಆಚೆ ಓಗಿ ಎಲ್ಲಾರ್ಗೂ ಯೋಳ್ತೀನಿ." ಗೂಡ್ಸ್ ಆಟೋ ಕರೆಸಿದೆ.

ಮಲಗಿದ ಮಾವ

ಆ ವಾರ ಮಳೆ ಕಿತ್ತುಕೊಂಡು ಬಂತು. ಬೆಳಗ್ಗೆ ಮಾವ ಪಂಚೆ ಎತ್ತಿಕಟ್ಟಿ ಅಜ್ಜಿ ಮನೆಗೆ ಹೊರಟ್ರು. ಹಿಂದೆ ನಾನು. ಕಟೌಟಿನ ವಿಷಯ ಅವರಿಗಿನ್ನೂ ಹೇಳಿರಲಿಲ್ಲ. ರಸ್ತೆ ತುಂಬಾ ಮೊಣಕಾಲುದ್ದ ನೀರು. ಅಜ್ಜಿ ಮನೆಯೊಳಗೆ ಮಾತ್ರ ಒಂದು ಹನಿ ಇಲ್ಲ. ಹೊಸಿಲಿಗೆ ಅಡ್ಡಲಾಗಿ, ಮರಳುಚೀಲಕ್ಕೆ ಒರಗಿ, ಕೈಮುಗಿದು ಮಲಗಿದ್ರು ಇನ್ನೊಬ್ಬ ಮಾವ.

ಅಜ್ಜಿ ಒಳಗಿಂದಲೇ ಅಂದಳು: "ನಿನ್ನೂ ಕರ್ದೆ, ಇವನ್ನೂ ಕರ್ದೆ. ಬಂದೋನು ಇವ್ನೇ."

ಮಾವ ಪಂಚೆ ಇನ್ನೊಂದು ಸುತ್ತು ಮೇಲಕ್ಕೆ ಕಟ್ಟಿದ್ರು. ಅಲ್ಲೇ ನೀರಲ್ಲಿ ನಿಂತು ಇಂಜಿನಿಯರಿಗೆ ಫೋನ್ ಹಚ್ಚಿದ್ರು, ಜೆಸಿಬಿ ಬರೋವರೆಗೂ ಕದಲಲಿಲ್ಲ. ಯಾರೋ ಓಡಿಬಂದು ತೆಂಗಿನಕಾಯಿ ಚಾಚಿದ್ರು. ಅಜ್ಜಿ ಕಿತ್ತುಕೊಂಡಳು. "ಎಲ್ಡ್ ಸಲ ಪೂಜೆ ಆಯ್ತು. ಈ ಸಲ ಕೆಲ್ಸ ಮಾಡಿ. ಕಾಯಿ ಚಟ್ನಿಗಾಯ್ತದೆ."

ಜೆಸಿಬಿ ಅಗೆಯೋಕೆ ಶುರು ಮಾಡಿದಾಗ ನಾನು ಮೆಲ್ಲಗೆ ಕಟೌಟಿಗೆ ಕೈ ಹಾಕಿದೆ. "ಮುಟ್ಬ್ಯಾಡ! ಚರಂಡಿ ಮುಗಿಯೋಗಂಟ ಇವ್ನು ಇಲ್ಲೇ ಇರ್ತಾನೆ" ಅಂತ ಗದರಿಸಿದಳು.

ಬೈತಾರೆ ಅಂತ ನಾನು ಮಾವನ ಕಡೆ ತಿರುಗಿದೆ. ಮಾವ ಒಂದು ದೊಡ್ಡ ಆಕಳಿಕೆ ತೆಗೆದು, ಕಟೌಟನ್ನೇ ನೋಡ್ತಾ ಅಂದ್ರು: "ಇರ್ಲಿ ಬಿಡೋ. ನಮ್ಮಿಬ್ಬರಲ್ಲಿ ಒಬ್ಬನಿಗಾದ್ರೂ ಮಲಗೋಕೆ ಸಿಕ್ತಲ್ಲ."