ಮಾವ ಕಳಿಸಿದ ಆರು ಫೋಟೋಗಳು

ನಮ್ಮ ಸೋದರಮಾವನಂಥ ಧೈರ್ಯಶಾಲಿ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ! ಈ ಮಾತು ಕೇಳಿದರೆ ಅವರನ್ನು ಬಲ್ಲವರು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ಕುಕ್ಕರಿಗೆ, ಲಿಫ್ಟಿಗೆ, ಬಸ್ಸಿಗೆ, ಗ್ಯಾಸ್ ಸಿಲಿಂಡರಿಗೆ, ಪರಿಚಯವಿಲ್ಲದ ನಂಬರಿನಿಂದ ಬರುವ ಫೋನಿಗೆ, ಹೀಗೆ ಎದ್ದರೂ ಕೂತರೂ ಹೆದರುವ ಮನುಷ್ಯ ಅರವತ್ತೆರಡು ವರ್ಷ ಬದುಕಿ ತೋರಿಸಿದ್ದಾರಲ್ಲ, ಅದಕ್ಕಿಂತ ಧೈರ್ಯ ಬೇರೆ ಬೇಕೆ?

ಅತ್ತೆ ಒಲೆಯ ಮೇಲೆ ಕುಕ್ಕರ್ ಇಟ್ಟರೆಂದರೆ ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬೀದಿಗೆ ಹೊರಡುತ್ತಾರೆ. ಮೂರನೇ ವಿಷಲ್ ಆದ ಮೇಲೆ ಕಿಟಕಿಯಿಂದ ಇಣುಕಿ, "ಆಯ್ತೇನೇ?" ಎನ್ನುತ್ತಾರೆ.

"ಆಯ್ತು. ನಾನಿನ್ನೂ ಬದುಕಿದೀನಿ, ಊಟಕ್ಕೆ ಬನ್ನಿ" ಎನ್ನುತ್ತಾರೆ ಅತ್ತೆ.

ಚಿಕ್ಕಬಳ್ಳಾಪುರದಲ್ಲಿರುವ ನಮ್ಮ ಮನೆಗೆ ಬರುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಆಗಬೇಕು. ಯಾಕೆಂದರೆ ಡ್ರೈವರ್ ತೂಕಡಿಸಿಬಿಟ್ಟರೆ? ಅದಕ್ಕೇ ದಾರಿಯುದ್ದಕ್ಕೂ ಅವರನ್ನು ಮಾತಾಡಿಸುತ್ತಲೇ ಇರುತ್ತಾರೆ. ಒಮ್ಮೆ ಆ ಪುಣ್ಯಾತ್ಮ ಹಿಂದೆ ತಿರುಗಿ, "ಯಜಮಾನ್ರೇ, ನೀವು ಸುಮ್ನಿದ್ರೆ ನಾನು ಸ್ವಲ್ಪ ರೋಡೂ ನೋಡ್ತೀನಿ" ಎಂದರಂತೆ. ಹಿಂದೆ ತಿರುಗಿ ಮಾತಾಡಿದರಲ್ಲ ಎಂಬ ಭಯಕ್ಕೆ ಮಾವ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟರು!

ಮಾವನದು ರೇಷ್ಮೆ ಬೇಸಾಯ. ಮನೆಯ ಹಿಂದೆ ಹುಳು ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಈ ರೇಷ್ಮೆ ಹುಳುವಿದೆಯಲ್ಲ, ಅದು ಮಾವನಿಗಿಂತ ನಾಜೂಕು. ಬಿಸಿಲಾದರೆ ಕಷ್ಟ, ಥಂಡಿಯಾದರೆ ಕಷ್ಟ, ಒಂದರ ಮೇಲೊಂದು ಒತ್ತಾದರೆ ರೋಗ. ಹಾಗಾಗಿ ಮಾವನ ಭಯ ಪ್ರಯೋಜನಕ್ಕೆ ಬರುವ ಜಾಗವೆಂದರೆ ಅದೊಂದೇ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಕೈಕಾಲು ತೊಳೆದು ಇನ್ನೇನು ಒಳಗೆ ಹೋಗಬೇಕು, ಮಾವ ಅಡ್ಡ ನಿಂತು ಅವರ ಜೇಬಿನ ಪೆನ್ನನ್ನೂ ಹೊರಗಿಡಿ ಎಂದರು.

"ಪೆನ್ನಿಗೇನ್ರೀ ರೋಗ?"

"ಅದು ಎಷ್ಟು ಆಫೀಸು ಸುತ್ತಿದೆಯೋ ಸ್ವಾಮಿ!"

ಇಂಥ ಮಾವ ಕಳೆದ ವರ್ಷ ಇ-ಮೇಲ್ ಕಲಿಯಬೇಕಾಗಿ ಬಂತು. ನಗುವ ವಿಷಯವಲ್ಲ ಅದು. ತೋಟದಲ್ಲಿ ಸೊಪ್ಪು ಕತ್ತರಿಸುವಾಗ ಅತ್ತೆಯ ಬಲಗಾಲಿಗೆ ಕಡ್ಡಿ ಚುಚ್ಚಿತು. ಅತ್ತೆಗೆ ಹತ್ತು ವರ್ಷದಿಂದ ಶುಗರ್. ಕಾಲಿನಲ್ಲಿ ಸ್ಪರ್ಶವೇ ಕಡಿಮೆ, ಹಾಗಾಗಿ ನೋವೂ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಗಾಯ ಕಿರುಬೆರಳಿನ ಸಂದಿಯಿಂದ ಅಂಗಾಲಿಗೆ ಇಳಿದಿತ್ತು. ಬೆಂಗಳೂರಿನ ಡಾಕ್ಟರು ತೊಳೆದು, ಕಟ್ಟಿ, ಖಡಾಖಂಡಿತವಾಗಿ ಹೇಳಿದರು: "ದಿನಾ ಡ್ರೆಸಿಂಗ್ ಆಗ್ಬೇಕು. ನಾಲ್ಕು ದಿನಕ್ಕೊಂದ್ಸಲ ಫೋಟೋ ಕಳಿಸಿ. ಮೇಲೆ, ಕೆಳಗೆ, ಪಕ್ಕ, ಬೆರಳ ಸಂದಿ, ಒಟ್ಟು ಆರು. ವಾಟ್ಸಾಪಲ್ಲಿ ಮಸುಕಾಗುತ್ತೆ, ಇ-ಮೇಲಲ್ಲೇ ಕಳಿಸಿ. ಕಪ್ಪು ತಿರುಗಿದ್ರೆ ಒಂದು ದಿನಾನೂ ಕಾಯೋ ಹಾಗಿಲ್ಲ. ಕಾಲಿನ ಪ್ರಶ್ನೆ."

ಮಾವನ ಮಗಳು ಚಿಂತಾಮಣಿಯಲ್ಲಿ ಹಸುಗೂಸಿನ ಬಾಣಂತಿ. ಅವಳ ಕಿವಿಗೆ ಬೀಳಕೂಡದೆಂದು ಅತ್ತೆಯ ಕಟ್ಟಪ್ಪಣೆ. ಉಳಿದವಳು ನಾನು. ಶಾಲೆಯ ಕೆಲಸ ಬಿಟ್ಟು ದಿನಾ ಹೋಗಲಾರೆ. ಆದ್ದರಿಂದ ಡ್ರೆಸಿಂಗ್ ಯಾರು ಮಾಡುವುದು ಎಂಬ ಪ್ರಶ್ನೆ ಬಂದಾಗ ಮಾವ, "ನಾನೇ" ಎಂದರು. ನನಗೆ ನಂಬಿಕೆ ಬರಲಿಲ್ಲ. ರಕ್ತ ಕಂಡರೆ ಕಂಬ ಹಿಡಿದುಕೊಳ್ಳುವವರು! ಆದರೂ ಬ್ಲೀಚಿಂಗ್ ನೀರಲ್ಲಿ ಮೂರು ಸಲ ಕೈ ತೊಳೆದು, ಅತ್ತೆಯ ಕಾಲನ್ನು ಮಣೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕಟ್ಟು ಬಿಚ್ಚಿದರು. ಉಸಿರು ಬಿಟ್ಟದ್ದು ಹೊಸ ಕಟ್ಟು ಕಟ್ಟಿದ ಮೇಲೆಯೇ.

ಡ್ರೆಸಿಂಗ್ ಸಲೀಸಾಯಿತು. ಇ-ಮೇಲ್ ಆಗಲಿಲ್ಲ. ಮೊದಲು ಪಾಸ್‌ವರ್ಡಿನ ರಗಳೆ. "ಬರೆದಿಟ್ರೆ ಕಳ್ಳ ನೋಡ್ತಾನೆ. ಬರೀದೆ ನೆನಪಿಟ್ಕೊಂಡ್ರೆ ನಿದ್ದೇಲಿ ಬಡಬಡಿಸ್ತೀನಿ. ಏನ್ಮಾಡ್ಲಿ ಹೇಳಮ್ಮ?" ಕೊನೆಗೆ ತಲೆಯ ಮೇಲೆ ಟವೆಲ್ ಮುಸುಕು ಹಾಕಿಕೊಂಡು, ನನಗೂ ಕಾಣದ ಹಾಗೆ, ತಾವೇ ಒಂದು ಪಾಸ್‌ವರ್ಡ್ ಒತ್ತಿದರು. ಮುಸುಕು ತೆಗೆಯುವಷ್ಟರಲ್ಲಿ ಅವರಿಗೇ ಮರೆತುಹೋಗಿತ್ತು!

ಮೊದಲ ಸಲ ಆರು ಫೋಟೋಗಳನ್ನು ಆರು ಮೇಲ್‌ಗಳಲ್ಲಿ ಕಳಿಸಿದರು. ಒಂದೊಂದರಲ್ಲೂ "ಪೂಜ್ಯ ಡಾಕ್ಟರ್ ಸಾಹೇಬರ ಸನ್ನಿಧಿಗೆ ಸವಿನಯ ಪ್ರಾರ್ಥನೆ" ಎಂಬ ಒಕ್ಕಣೆ. ನಾನು ಫೋನಿನಲ್ಲಿ ರೇಗಿದೆ.

"ಮಾವ, ಎಲ್ಲಾನೂ ಒಂದೇ ಮೇಲಲ್ಲಿ ಹಾಕಿ ಅಂದಿದ್ನಲ್ಲ?"

"ಒಂದೇ ತಟ್ಟೇಲಿ ಆರೂ ಹಾಕಿದ್ರೆ ಒತ್ತಾಗಲ್ವೇನಮ್ಮ?"

"ಅದು ಹುಳ ಅಲ್ಲ ಮಾವ, ಫೋಟೋ!"

"ಏನೋ ಆಗ್ಲಿ. ಗಾಯದ ಪಕ್ಕದಲ್ಲೇ ಚೆನ್ನಾಗಿರೋ ಹಿಮ್ಮಡೀನೂ ಹಾಕು ಅಂತೀಯಲ್ಲ, ಅದೂ ಕೆಟ್ಟೋದ್ರೆ?"

ಎರಡನೇ ಸಲ ಧೈರ್ಯ ಮಾಡಿ ಎಲ್ಲವನ್ನೂ ಒಂದರಲ್ಲೇ ಹಾಕಿದರು. ಎಷ್ಟು? ಇಪ್ಪತ್ಮೂರು! ಒಂದೆರಡು ದಾರಿಯಲ್ಲಿ ಬಿದ್ದುಹೋದರೂ ಉಳಿದವು ತಲುಪಲಿ ಎಂಬ ಮುಂದಾಲೋಚನೆ. ಇಷ್ಟು ಭಾರ ಕಳಿಸಲಾಗದು ಎಂದು ಫೋನು ಇಂಗ್ಲಿಷಿನಲ್ಲಿ ಏನೋ ಬರೆಯಿತು. ಮಾವನಿಗೆ ಅರ್ಥವಾದದ್ದು ಕೆಂಪು ಅಕ್ಷರ ಮಾತ್ರ. ಫೋನನ್ನು ಆಫ್ ಮಾಡಿ, ಟವೆಲಿನಲ್ಲಿ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟರು. ನಾನು ಸಂಜೆವರೆಗೆ ಫೋನ್ ಮಾಡಿ ಮಾಡಿ, ಅತ್ತೆಗೇ ಏನೋ ಆಯಿತೆಂದು ಬಸ್ಸು ಹತ್ತಿ ಊರಿಗೆ ಓಡಿದೆ. ಹೋಗಿ ನೋಡಿದರೆ ಅತ್ತೆ ಅವರೆಕಾಳು ಬಿಡಿಸುತ್ತಾ ಕೂತಿದ್ದಾರೆ!

"ಪೊಲೀಸ್ರು ಬರ್ತಾರೇನೋ ಅಂತ ಕಾಯ್ತಾ ಇದಾರೆ ನಿಮ್ಮಾವ" ಎಂದರು.

ಆವತ್ತು ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾವಧಾನದಿಂದ ಕಲಿಸಿದೆ. ಮೊದಲನೇ ಫೋಟೋವನ್ನು ಒತ್ತಿ ಹಿಡಿಯಿರಿ, ಟಿಕ್ ಬರುತ್ತದೆ. ಆಮೇಲೆ ಬೇಕಾದವನ್ನೆಲ್ಲ ಒಂದೊಂದಾಗಿ ಮುಟ್ಟುತ್ತಾ ಹೋಗಿ. ಬೇಡವಾದದ್ದನ್ನು ಬಿಡಿ. ಮಾವನ ಮುಖ ಅರಳಿತು.

"ಓಹೋ! ಸಂತೆಗೆ ಹೋಗೋಕ್ಮುಂಚೆ ರೇಷ್ಮೆ ಗೂಡು ವಿಂಗಡಿಸ್ತೀವಲ್ಲ, ಹಂಗೆ!"

"ಹಾಂ, ಹಂಗೇ ಮಾವ!" ಎಂದೆ. ಟೀಚರಲ್ಲವೇ ನಾನು, ಶಿಷ್ಯನಿಗೆ ತಿಳಿಯಿತೆಂದು ಬೀಗಿದೆ. ನನ್ನ ಬುದ್ಧಿಗಿಷ್ಟು!

ಮುಂದಿನ ಎರಡು ಸಲ ಮಾವನ ಮೇಲ್ ಅಚ್ಚುಕಟ್ಟಾಗಿ ಹೋಯಿತು. ಒಂದೇ ಮೇಲ್, ಆರೇ ಫೋಟೋ. ಡಾಕ್ಟರ ಉತ್ತರವೂ ಬಂತು: ಗಾಯ ಚೆನ್ನಾಗಿ ಮಾಯುತ್ತಿದೆ, ಡ್ರೆಸಿಂಗ್ ಮುಂದುವರಿಸಿ, ಬರುವ ಅಗತ್ಯವಿಲ್ಲ. ಮಾವ ಅದನ್ನು ನನಗೆ ಫೋನಿನಲ್ಲಿ ಮೂರು ಸಲ ಓದಿ ಹೇಳಿದರು. ನಾನೂ ನಿಶ್ಚಿಂತೆಯಿಂದ ಪರೀಕ್ಷೆಯ ಪೇಪರು ತಿದ್ದುತ್ತಾ ಕೂತೆ.

ಭಾನುವಾರ ಮಧ್ಯಾಹ್ನ ಅತ್ತೆಗೆ ಇಷ್ಟವೆಂದು ಸೀಬೆಹಣ್ಣು ಕೊಂಡುಕೊಂಡು ಹೋದೆ. ಬಾಗಿಲಲ್ಲೇ ವಾಸನೆ ಬಂತು. ಹುಳು ಮನೆಯದಲ್ಲ. ಚೀಲವನ್ನು ಕೆಳಗೆ ಹಾಕಿ, ಅತ್ತೆ ಬೇಡ ಬೇಡವೆಂದರೂ ಕೇಳದೆ ಕಟ್ಟು ಬಿಚ್ಚಿದೆ. ಕಿರುಬೆರಳು ಕಪ್ಪಾಗಿತ್ತು. ಅಂಗಾಲಿನ ಅಂಚಿಗೂ ಕಪ್ಪು ಹತ್ತುತ್ತಿತ್ತು.

ಮಾವನ ಫೋನು ಕಿತ್ತುಕೊಂಡು ನೋಡಿದೆ. ಫೋಟೋಗಳು ಮೂವತ್ತಕ್ಕೂ ಹೆಚ್ಚಿದ್ದವು. ಕಪ್ಪು ಬೆರಳು, ಕಪ್ಪು ಸಂದಿ, ಕಪ್ಪು ಅಂಚು, ಎಲ್ಲವನ್ನೂ ತೆಗೆದಿದ್ದರು. ಕೊನೆಯ ಸಲ ಕಳಿಸಿದ ಮೇಲ್‌ನಲ್ಲಿ ಮಾತ್ರ ಅವುಗಳಲ್ಲಿ ಒಂದೂ ಇರಲಿಲ್ಲ. ಹಿಮ್ಮಡಿ, ಹೆಬ್ಬೆರಳಿನ ಸಂದಿ, ಅಂಗಾಲಿನ ಗಾಯದಲ್ಲಿ ಮಾಯುತ್ತಿದ್ದ ಒಂದು ಮೂಲೆ, ಕಿಟಕಿಯ ಬೆಳಕು ಬಿದ್ದು ಹೊಳೆಯುವ ಪಾದದ ಮೇಲ್ಭಾಗ. ಕಲೆ ಬಿದ್ದದ್ದು, ಮೆತ್ತಗಾದದ್ದನ್ನೆಲ್ಲ ತೆಗೆದು ಒಳ್ಳೆಯ ಗೂಡನ್ನಷ್ಟೇ ಮಾರುಕಟ್ಟೆಗೆ ಒಯ್ಯುವ ಹಾಗೆ, ನಮ್ಮ ಮಾವ ಅತ್ತೆಯ ಕಾಲಿನಲ್ಲಿ ಚೆನ್ನಾಗಿದ್ದುದನ್ನೆಲ್ಲ ಹುಡುಕಿ ಹುಡುಕಿ ಕಳಿಸಿದ್ದರು!

ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯರೆಂಬುದನ್ನೂ ನೋಡದೆ ಕೂಗಾಡಿದೆ. "ಇದೇನು ಮಾಡಿದ್ರಿ ಮಾವ? ಗೊತ್ತಾಗ್ಲಿಲ್ವಾ ನಿಮ್ಗೆ? ಡಾಕ್ಟ್ರಿಗೆ ತೋರಿಸ್ಬೇಕಾಗಿದ್ದೇ ಕೆಟ್ಟಿರೋದನ್ನ!"

"ಗೊತ್ತಿತ್ತಮ್ಮ" ಎಂದರು ಮಾವ. ಅವರ ದನಿ ನೆಲದೊಳಗಿಂದ ಬಂದಂತಿತ್ತು. "ಕಪ್ಪಗಿರೋದರ ಮೇಲೂ ಬೆರಳಿಟ್ಟೆ. ಟಿಕ್ಕೂ ಬಂತು. ಕಳಿಸಿದ್ರೆ ಕತ್ತರಿಸ್ಬೇಕು ಅಂತಾರಲ್ಲಾ ಅನ್ಸಿ ತೆಗೆದುಬಿಟ್ಟೆ. ಚೆನ್ನಾಗಿದೆ ಅಂತ ಬಂತಲ್ಲ, ಅದನ್ನ ಓದ್ತಾ ಓದ್ತಾ ನಂಗೇ ನಂಬಿಕೆ ಬಂದ್ಬಿಡ್ತು."

ಬಯ್ಯಲು ನನ್ನ ಬಳಿ ಇನ್ನೂ ಬೇಕಾದಷ್ಟು ಮಾತಿತ್ತು. ಅದನ್ನೆಲ್ಲ ಬಿಟ್ಟು ಮಾವನ ಫೋನಿನ ಕ್ಯಾಮೆರಾ ತೆರೆದೆ.

ಮತ್ತೆ ಫೋಟೋ ತೆಗೆಯಬೇಕಿತ್ತು. ಮಣೆಯ ಮೇಲಿಟ್ಟ ಕಾಲಿನ ಅಡಿಭಾಗ ಸರಿಯಾಗಿ ಕಾಣುತ್ತಿರಲಿಲ್ಲ. ಮಾವ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಆ ಕಾಲನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅತ್ತೆ ಹೌಹಾರಿದರು. ಗಂಡನ ಕಡೆಗೆ ಕಾಲು ಚಾಚಿ ಕೂತವರೇ ಅಲ್ಲ ಅವರು.

"ರೀ, ಬಿಡ್ರೀ! ಕಾಲು ಕಣ್ರೀ, ಮೈಗೆ ತಾಗಿಸ್ಬಾರ್ದು!"

"ಇರ್ಲಿ ಸುಮ್ನಿರೇ. ಅಲ್ಲಾಡ್ಬೇಡ" ಎಂದು ಮಾವ ಎರಡೂ ಕೈಯಲ್ಲಿ ಪಾದ ಹಿಡಿದು ಬೆರಳುಗಳನ್ನು ಬಿಡಿಸಿ ತೋರಿಸಿದರು. ನಾನು ಆರು ಫೋಟೋ ತೆಗೆದೆ. ಆರರಲ್ಲೂ ಅವರ ಕೈಗಳಿವೆ. ಕಪ್ಪು ಚೆನ್ನಾಗಿ ಕಾಣುವ ಹಾಗೆ ಅವರೇ ಬೆಳಕಿಗೆ ತಿರುಗಿಸಿದರು. ಒಂದೊಂದರ ಮೇಲೂ ಅವರೇ ಬೆರಳಿಟ್ಟರು. ಕಳಿಸುವ ಗುಂಡಿಯನ್ನೂ ನಾನು ಒತ್ತಲಿಲ್ಲ, ಅವರೇ ಒತ್ತಿದರು.

ಅರ್ಧ ಗಂಟೆಯಲ್ಲಿ ಡಾಕ್ಟರು ತಾವಾಗಿಯೇ ಫೋನ್ ಮಾಡಿದರು. "ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಇಲ್ಲಿರ್ಬೇಕು. ಬೆರಳು ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ. ಕಾಲು ಉಳಿಸೋಕೆ ನೋಡ್ತೀನಿ." ಓದುವ ನಿಮ್ಮನ್ನು ಹೆದರಿಸುವ ಆಸೆ ನನಗಿಲ್ಲ, ಹೇಳಿಯೇಬಿಡುತ್ತೇನೆ: ಕಿರುಬೆರಳು ಹೋಯಿತು, ಕಾಲು ಉಳಿಯಿತು. ಆದರೆ ಆ ಮಧ್ಯಾಹ್ನ ಅದು ನಮಗ್ಯಾರಿಗೂ ಗೊತ್ತಿರಲಿಲ್ಲ.

"ನಂಗೆ ಭಯ ಆಗ್ತಿದೆ ಕಣೇ" ಎಂದರು ಮಾವ.

ಇಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಹೆದರಿದಾಗಲೆಲ್ಲ "ಹುಷಾರಾಗಿರೋದು ಒಳ್ಳೇದು" ಎನ್ನುತ್ತಿದ್ದವರು ಅವರು. ಅತ್ತೆ ನಕ್ಕು ಗದರಿಸುತ್ತಾರೆಂದುಕೊಂಡೆ. ಅವರು ನಗಲಿಲ್ಲ.

"ನಂಗೂ ಭಯಾನೇ ರೀ. ವಾಸನೆ ನಂಗೆ ಗೊತ್ತಾಗಿರ್ಲಿಲ್ಲ ಅಂದ್ಕೊಂಡ್ರಾ? ನೀವು ಅಷ್ಟೊಂದು ಹೆದರ್ತಿದ್ರಲ್ಲ, ನಾನೂ ಹೆದರಿದ್ರೆ ಮನೇಲಿ ನಿಮ್ಗೆ ಧೈರ್ಯ ಹೇಳೋರು ಯಾರು ಅಂತ ಸುಮ್ನಿದ್ದೆ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವತ್ತೊಂದಿನ ಇಬ್ರೂ ಒಟ್ಟಿಗೆ ಹೆದರ್ಕೊಳಣ."

ಮಾವ ತಲೆಯಾಡಿಸಿದರು. ತೊಡೆಯ ಮೇಲಿನ ಕಾಲನ್ನು ಮಾತ್ರ ಕೆಳಗಿಡಲಿಲ್ಲ.