ಗ್ರಂಥಋಣದಲ್ಲಿ ನನ್ನ ಪಾಲು

ಮಠದ ಪುಸ್ತಕ, ಸಾವಿರ ಪ್ರತಿಯ ಆರ್ಡರು. ಕೊನೆಯ ಗ್ರಂಥಋಣದ ಪುಟ, ಅಂದರೆ ನೆರವಿಗೆ ಬಂದ ಪುಸ್ತಕಗಳ ಪಟ್ಟಿ, ತಕರಾರಿಲ್ಲದೆ ಬಂದರೆ ಮಠದ ಇನ್ನೆರಡು ಪುಸ್ತಕ ನನಗೆ, ಕೆಟ್ಟರೆ ಉದಗೀರದ ಪ್ರೆಸ್ಸಿಗೆ. ಭೂಕಂಪವಾದ ಮೇಲೆ ಉಮರ್ಗಾದ ನನ್ನ ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗಿನಿಂದ ನೋಡುತ್ತಿದ್ದೇನೆ: ಬರೆದವನು ಸುಮ್ಮನಿರುತ್ತಾನೆ, ಕೈ ಹಚ್ಚಿದವರು ಸುಮ್ಮನಿರುವುದಿಲ್ಲ. ಪಟ್ಟಿಯಲ್ಲಿ ಮಠದ್ದೇ ಒಂದು ಹಳೇ ಪುಸ್ತಕವಿತ್ತು. ಬರೆದವರು ತೀರಿಹೋಗಿದ್ದರು, ಕೈ ಹಚ್ಚಿದ ಮೂವರೂ ಗಟ್ಟಿಯಾಗಿದ್ದರು.

೧. ಮಾಸ್ತರರು

ಅನುವಾದ ಮಾಡಿದ ನಿವೃತ್ತ ಮಾಸ್ತರರು ಸ್ಕೇಲ್ ಹಿಡಿದೇ ಬಂದರು.

"ಅವರ ಹೆಸರು ದಪ್ಪ, ನಂದು ತೆಳ್ಳಗ್ಯಾಕ?"

ಡಿಟಿಪಿ ಮಾಡುವ ಅಕ್ಕ, "ಲೇಖಕರ ಖಾನೆ ಬ್ಯಾರೆ, ಸಹಾಯಕರ ಖಾನೆ ಬ್ಯಾರೆ ಅದಾವ್ರೀ ಸರ್" ಅಂದಳು.

"ಹಂಗಾದ್ರ ಸಹಾಯಕರೊಳಗ ನಂದೇ ಮೊದಲು ಹಾಕು."

ಹಾಕಿದಳು. ಎದ್ದು ಹೋಗುವಾಗ ಮಾಸ್ತರರು ಲೇಖಕರ ಹೆಸರನ್ನೇ ದಿಟ್ಟಿಸಿ, "ಸತ್ತು ಹತ್ತು ವರ್ಷಾತು, ಇನ್ನೂ ಜಾಗಾ ಬಿಡವಲ್ಲ" ಎಂದರು.

೨. ವಕೀಲರು

ಮುನ್ನುಡಿ ಬರೆದವರು ನಿಲಂಗಾದ ವಕೀಲರು.

"ಪುಸ್ತಕದಾಗ ಮೊದಲು ಏನ್ ಬರ್ತದ? ಮುನ್ನುಡಿ. ಪಟ್ಯಾಗ ನಾ ಮಾಸ್ತರನ ಹಿಂದ ಹ್ಯಾಂಗ?"

"ವಕೀಲ್ ಸಾಹೇಬ್ರ, ಅವರದು ಮುನ್ನೂರು ಪುಟ, ನಿಮ್ಮದು ಎರಡು" ಅಂದೆ ನಾನು.

"ಜನಾ ಓದಿದ್ದು ಆ ಎರಡೇ!"

೩. ಅಯ್ಯನವರು

ಟಿಪ್ಪಣಿ ಬರೆದ ಅಯ್ಯನವರು ಶಾಂತ ಸ್ವಭಾವದವರು. "ನಂದು ಕಡೀಕಿದ್ರೂ ನಡೀತದ್ರೀ. ಅವರಿಬ್ಬರದು ನನಗಿಂತ ದೊಡ್ಡದಾಗಬಾರದು, ಅಷ್ಟs."

೪. ನಾನು

ಹೆಂಗೋ ಮೂವರೂ ಪ್ರೂಫಿಗೆ ಸಹಿ ಮಾಡಿದರು. ಆ ಮೂರು ಹೆಸರು ನೋಡನೋಡುತ್ತ ನನ್ನ ಹೊಟ್ಟೆ ಉರಿಯತೊಡಗಿತು. ಮೂವರ ಜಗಳ ಬಿಡಿಸಿದವನು ನಾನು, ಚಹಾ ಕುಡಿಸಿದವನು ನಾನು, ಹೆಸರು ಮಾತ್ರ ಅವರದು!

"ಅಕ್ಕಾ, ನಾಲ್ಕನೇದು ನಂದೂ ಸೇರಿಸು."

"ಮಾಲಕ್ರ, ಒಮ್ಮೆ ಪ್ರೂಫ್ ತಗದು ನೋಡೂಣ್ರಿ."

"ಒಂದು ಹೆಸರಿಗೆ ಎಂಥಾ ಪ್ರೂಫ್? ಮಷೀನ್ ಚಾಲೂ ಮಾಡು."

ಸಾವಿರ ಪ್ರತಿ ಬೈಂಡಾದವು. ನನ್ನ ಹೆಸರು ಹುಡುಕಿ ಪುಟ ತೆರೆದೆ. ಸಹಾಯಕರ ಖಾನೆಯಲ್ಲಿ ಮಾಸ್ತರರ ಹೆಸರು, ಅದರ ಮುಂದೆ 'ಮತ್ತು ಇತರರು'. ಅಷ್ಟೇ.

"ಮೂರು ಹೆಸರಿನ ತನಕಾ ಈ ಸಾಫ್ಟ್‌ವೇರ್ ತಡಕೋತದ್ರೀ" ಅಂದಳು ಅಕ್ಕ. "ನಾಲ್ಕಾದ್ರ ಮೊದಲನೇದು ಇಟ್ಟು ಉಳಿದವ್ರನ್ನ ಗಂಟು ಕಟ್ಟಿ ಒಗೀತದ."

ಮಾಸ್ತರರು ಪೇಡೆ ತಂದರು. ವಕೀಲರು ನೋಟೀಸು ತಂದರು. ಅಯ್ಯನವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿದರು. ಮಠದವರು ಉದಗೀರಕ್ಕೆ ಹೋದರು.

ಕೂಡಿಸಿ ಕಳೆದು ನೋಡಿದೆ. ಹೋದದ್ದು ಎರಡು ಪುಸ್ತಕ. ಬಂದದ್ದು 'ಇತರರು' ಎಂಬುದರಲ್ಲಿ ಮೂರನೇ ಒಂದು ಪಾಲು. ಅದರಲ್ಲೂ ಮೊದಲ ಪಾಲು ತಮ್ಮದೆಂದು ವಕೀಲರು ಈಗಲೂ ವಾದಿಸುತ್ತಾರೆ.